ಲಾಯದ ಹುಲ್ಲುಗಾವಲು: ಹೈದರಾಬಾದಿನ ‘ಖಾಲಿ’ ನೆಲದ ಕಥೆ

ಹೈದರಾಬಾದಿನ ಪಶ್ಚಿಮಕ್ಕಿರುವ ಕಂಚ ಗಚ್ಚಿಬೌಲಿ ಎಂಬ ಗ್ರಾಮದಲ್ಲಿ, ಕಂದಾಯ ಲೆಕ್ಕದ ಪ್ರಕಾರ ಸರ್ವೆ ನಂಬರ್ 25 ಎನಿಸಿಕೊಂಡ, ಎರಡು ಸಾವಿರ ಎಕರೆಗೂ ಮಿಕ್ಕಿದ ನೆಲವಿದೆ. ಹಳೆಯ ದಾಖಲೆಯಲ್ಲಿ ಅದರ ಮುಂದೆ ಬರೆದಿರುವುದು ನಾಲ್ಕು ಪದ: ‘ಕಂಚ ಅಸ್ತಬಲ್ ಪೋರಂಬೋಕು ಸರ್ಕಾರಿ’. ನಾಲ್ಕಕ್ಕೂ ಬೇರೆ ಬೇರೆ ಊರು. ಕಂಚ ತೆಲುಗಿನದು, ಬೇಲಿ ಕಟ್ಟಿ ದನಕರುಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಅಸ್ತಬಲ್ ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳನ್ನು ದಾಟಿ ಬಂದದ್ದು, ಕುದುರೆ ಲಾಯ. ಪೋರಂಬೋಕು ತಮಿಳಿನ ಕಡೆಯದು. ಲೆಕ್ಕದಿಂದ ಹೊರಗೆ ಉಳಿದದ್ದು, ಕಂದಾಯ ಕಟ್ಟಬೇಕಿಲ್ಲದ್ದು. ಕೊನೆಯ ‘ಸರ್ಕಾರಿ’ ಎಲ್ಲರಿಗೂ ಗೊತ್ತು. ನಾಲ್ಕನ್ನೂ ಸೇರಿಸಿ ಓದಿದರೆ ಅರ್ಥ ಸರಳ: ಲಾಯದ ಕುದುರೆಗಳಿಗೆ ಮೇವಿಗಾಗಿ ಬಿಟ್ಟ, ತೆರಿಗೆಯಿಲ್ಲದ, ದೊರೆಯ ನೆಲ.

ಕುದುರೆಗಳು ಹೋದವು, ದೊರೆಯೂ ಹೋದ. ಪದಗಳು ಮಾತ್ರ ಉಳಿದವು. ಉಳಿದದ್ದರಲ್ಲೂ ಜನರ ಕಣ್ಣಿಗೆ ಬಿದ್ದದ್ದು ಕೊನೆಯ ಎರಡೇ. ಲೆಕ್ಕದ ಹೊರಗಿನದು, ಸರ್ಕಾರದ್ದು. ಅಂದರೆ ಖಾಲಿ, ಅಂದರೆ ಮಾರಬಹುದಾದದ್ದು. 2025ರ ಯುಗಾದಿಯ ದಿನ ಆ ಸರ್ವೆ ನಂಬರಿನ 400 ಎಕರೆಗೆ ಜೆಸಿಬಿಗಳು ನುಗ್ಗಿದಾಗ ದೇಶವೆಲ್ಲ ಕೇಳಿದ ಪ್ರಶ್ನೆ ‘ಇದು ಕಾಡೋ ಅಲ್ಲವೋ’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಎಕರೆಗೆ ನೂರು ಕೋಟಿ ಬಾಳುವ ಊರಿನ ಮಧ್ಯೆ 400 ಎಕರೆ ಅಷ್ಟು ಕಾಲ ಯಾರೂ ಮುಟ್ಟದೆ ಉಳಿದದ್ದು ಹೇಗೆ?

ಕಂದಾಯದ ಭಾಷೆಯ ಒಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಅದು ನೆಲವನ್ನು ನೋಡುವುದು ತೆರಿಗೆಯ ಕಣ್ಣಿನಿಂದ. ಜೋಳ ಬೆಳೆದರೆ ಅದಕ್ಕೆ ಹೆಸರಿದೆ, ದರವಿದೆ, ಖಾತೆದಾರನಿದ್ದಾನೆ. ಕುರಿ ಮೇದರೆ, ಹೆಂಗಸರು ಸೌದೆ ಆಯ್ದರೆ, ಮಳೆ ನೀರು ಇಳಿದು ಕೆರೆ ಸೇರಿದರೆ ಅದಕ್ಕೆ ಕಾಲಂ ಇಲ್ಲ. ಕರ್ನಾಟಕದ ಪಹಣಿಯಲ್ಲಿ ಇಂಥ ನೆಲಕ್ಕೆ ‘ಖರಾಬು’ ಎನ್ನುತ್ತಾರೆ. ಪಾರಸಿಯಲ್ಲಿ ಕೆಟ್ಟದ್ದು ಎಂದರ್ಥ. ದಾರಿ, ಹಳ್ಳ, ಸ್ಮಶಾನಗಳೆಲ್ಲ ‘ಬ’ ಖರಾಬು. ಊರಿನವರೆಲ್ಲ ದಿನವೂ ಬಳಸುವ ನೆಲಕ್ಕೆ ಕೆಟ್ಟದ್ದೆಂಬ ಹೆಸರು. ಪೋರಂಬೋಕಿನ ಗತಿ ಇನ್ನೂ ಕೆಳಗಿಳಿಯಿತು. ತಮಿಳಿನಲ್ಲೂ ತೆಲುಗಿನಲ್ಲೂ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಮಾತಾಗಿದೆ. ಹಳೇ ಮೈಸೂರಿನ ಗೋಮಾಳ, ಬೀದರ್ ಕಡೆಯ ಗಾಯರಾಣ, ಚಿತ್ರದುರ್ಗದ ಕಾವಲು ಎಲ್ಲವೂ ಹೈದರಾಬಾದಿನ ಕಂಚಕ್ಕೆ ಅಣ್ಣತಮ್ಮಂದಿರೇ. ಆ ನಗರದ ಅಂಚಿನ ಹಲವು ಊರುಗಳ ಹೆಸರಿನಲ್ಲಿ ಕಂಚ ಇನ್ನೂ ಅಂಟಿಕೊಂಡಿದೆ. ಡಿಆರ್‌ಡಿಒದ ಕ್ಷಿಪಣಿ ಪ್ರಯೋಗಾಲಯಕ್ಕೆ 1988ರಲ್ಲಿ ‘ರಿಸರ್ಚ್ ಸೆಂಟರ್ ಇಮಾರತ್’ ಎಂಬ ವಿಚಿತ್ರ ಹೆಸರು ಬಂದದ್ದು ಅದು ನಿಂತ ನೆಲ ‘ಇಮಾರತ್ ಕಂಚ’ ಆಗಿದ್ದರಿಂದ. ಅಬ್ದುಲ್ ಕಲಾಂ ಅವರ ಅಗ್ನಿ ಕ್ಷಿಪಣಿಯ ವಿಳಾಸದಲ್ಲೂ ಒಂದು ಹುಲ್ಲುಗಾವಲು ಅಡಗಿದೆ.

ನಿಜಾಮರ ಕಾಲದಲ್ಲಿ ಸಂಸ್ಥಾನದ ನೆಲವೆಲ್ಲ ಒಂದೇ ಬಗೆಯದಾಗಿರಲಿಲ್ಲ. ಸರ್ಕಾರ ನೇರವಾಗಿ ಕಂದಾಯ ವಸೂಲಿ ಮಾಡುತ್ತಿದ್ದದ್ದು ದಿವಾನಿ. ನಿಜಾಮರ ಸ್ವಂತ ಖರ್ಚಿಗೆ ಮೀಸಲಾದದ್ದು ಸರ್ಫ್-ಎ-ಖಾಸ್. ಮದುವೆ ಸಂಬಂಧದಿಂದ ಅರಮನೆಗೆ ಹತ್ತಿರವಾದ ಪೈಗಾ ಮನೆತನಗಳಿಗೆ ಬೇರೆ ಜಹಗೀರು. ಇನ್ನುಳಿದ ಜಹಗೀರುದಾರರು, ಸಂಸ್ಥಾನಿಕರು, ಮಕ್ತೇದಾರರು, ದರ್ಗಾ ಮತ್ತು ದೇವಸ್ಥಾನಗಳ ಇನಾಮುದಾರರು ಬೇರೆ. ರಾಜ್ಯದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ದಿವಾನಿಯ ಹೊರಗಿತ್ತು. ರಾಜಧಾನಿಯನ್ನು ಸುತ್ತುವರಿದ ಅತ್ರಾಫ್-ಎ-ಬಲ್ದಾ ಎಂಬ ಜಿಲ್ಲೆ, ಅಂದರೆ ‘ನಗರದ ಸುತ್ತಲಿನದು’, ಬಹುಪಾಲು ನಿಜಾಮರ ಸ್ವಂತದ್ದು. ಬೇರೆ ಊರುಗಳಲ್ಲಿ ನಗರ ಬೆಳೆಯುವಾಗ ಎದುರಾಗುವುದು ರೈತರ ಹೊಲ. ಹೈದರಾಬಾದಿಗೆ ಮೊದಲು ಎದುರಾದದ್ದು ಅರಮನೆಯ ನೆಲ, ನವಾಬರ ನೆಲ, ದರ್ಗಾದ ನೆಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಇದೆಲ್ಲ ಕೆಲವೇ ತಿಂಗಳಲ್ಲಿ ಬದಲಾಯಿತು. 1949ರ ಫೆಬ್ರವರಿಯಲ್ಲಿ ಸರ್ಫ್-ಎ-ಖಾಸ್ ದಿವಾನಿಯಲ್ಲಿ ವಿಲೀನವಾಯಿತು. ಅದೇ ಆಗಸ್ಟಿನಲ್ಲಿ ಜಹಗೀರು ರದ್ದತಿಯ ಕಾನೂನು ಬಂತು. 1950ರಲ್ಲಿ ಗೇಣಿ ಕಾಯಿದೆ. ರಾಯಚೂರು, ಗುಲಬರ್ಗಾ, ಬೀದರ್ ಆಗ ಇದೇ ರಾಜ್ಯದಲ್ಲಿದ್ದವು. ಇದೇ ಕಾನೂನುಗಳು ಅಲ್ಲಿಗೂ ಬಂದವು. ಆದರೆ ಅಲ್ಲಿನ ಜಗಳ ಉಳುವವನಿಗೂ ಒಡೆಯನಿಗೂ ನಡುವಿನದು. ಒಂದು ತಲೆಮಾರಿನಲ್ಲಿ ಹೇಗೋ ಒಂದು ತೀರ್ಮಾನಕ್ಕೆ ಬಂತು. ಹೈದರಾಬಾದಿನ ಅಂಚಿನಲ್ಲಿ ಎಷ್ಟೋ ನೆಲವನ್ನು ಉಳುವವನೇ ಇರಲಿಲ್ಲ. ಬಂಡೆ, ಕುರುಚಲು, ಹುಲ್ಲು. ಉಳುವವನಿಲ್ಲದ ನೆಲವನ್ನು ಯಾರ ಹೆಸರಿಗೆ ಬರೆಯುವುದು? 1954-55ರಲ್ಲಿ ತಯಾರಾದ ‘ಖಸ್ರಾ ಪಹಣಿ’ ಇಂದಿಗೂ ತೆಲಂಗಾಣದ ಭೂ ವ್ಯಾಜ್ಯಗಳಲ್ಲಿ ಕೊನೆಯ ಸಾಕ್ಷಿಯಂತೆ ನಿಲ್ಲುತ್ತದೆ. ಅದರ ಒಂದು ಕಾಲಮ್ಮಿನಲ್ಲಿ ಯಾವ ಹೆಸರು ಬಿತ್ತು, ಯಾವುದು ಬೀಳಲಿಲ್ಲ ಎಂಬುದರ ಮೇಲೆ ಎಪ್ಪತ್ತು ವರ್ಷಗಳ ವಕೀಲಿಕೆ ನಡೆದಿದೆ.

ಒಂದು ದಾವೆಯನ್ನು ನೋಡಿದರೆ ಸಾಕು. ಪೈಗಾ ಮನೆತನದ ಖುರ್ಷಿದ್ ಜಾಹ್ ಅವರ ಆಸ್ತಿಯನ್ನು ವಾರಸುದಾರರ ನಡುವೆ ಹಂಚಲು 1950ರ ದಶಕದಲ್ಲಿ ಹೂಡಿದ ಮೊಕದ್ದಮೆ ಅದು. ವಕೀಲರ ಬಾಯಲ್ಲಿ ಅದು ‘ಸಿಎಸ್ 14’. 1963ರ ಜೂನಿನಲ್ಲಿ ಪ್ರಾಥಮಿಕ ಡಿಕ್ರಿ ಆಯಿತು. ಡಿಕ್ರಿಗೆ ಅಂಟಿಸಿದ ಆಸ್ತಿ ಪಟ್ಟಿಯಲ್ಲಿ ಹೈದರ್‌ನಗರದಂಥ ಊರುಗಳಿದ್ದವು. ಆಗ ಅವು ನಗರದಿಂದ ದೂರದ ಹಳ್ಳಿಗಳು, ಈಗ ಕೂಕಟ್‌ಪಲ್ಲಿ ಮತ್ತು ಮಿಯಾಪುರದ ನಡುವಿನ ಗಿಜಿಗುಡುವ ಬಡಾವಣೆಗಳು. ಪ್ರಾಥಮಿಕ ಡಿಕ್ರಿಯ ಪಾಲನ್ನೇ ಕೊಂಡವರು, ಕೊಂಡವರಿಂದ ಕೊಂಡವರು, ತಮ್ಮ ಅಜ್ಜನಿಗೆ ಪಟ್ಟಾ ಆಗಿತ್ತೆಂದವರು, ಜಹಗೀರು ರದ್ದಾದಾಗಲೇ ಎಲ್ಲವೂ ತನ್ನದಾಯಿತೆಂದ ಸರ್ಕಾರ, ಎಲ್ಲರೂ ಆ ದಾವೆಯೊಳಗೆ ಬಂದು ಸೇರಿಕೊಂಡರು. ಅದರ ಬಳ್ಳಿಗಳು ಈ ಶತಮಾನದಲ್ಲೂ ಸುಪ್ರೀಂ ಕೋರ್ಟಿನವರೆಗೆ ಹಬ್ಬಿದವು. ದಾವೆ ಹೂಡಿದವರು, ವಾದಿಸಿದವರು, ತೀರ್ಪು ಕೊಟ್ಟವರು ಬಹುತೇಕ ಯಾರೂ ಇಂದಿಲ್ಲ. ಹೈದರಾಬಾದಿನಲ್ಲಿ ಸೈಟು ಕೊಳ್ಳಲು ಹೊರಟ ಮಧ್ಯಮ ವರ್ಗದ ಕುಟುಂಬವೊಂದು ಸತ್ತ ನವಾಬನ ವಂಶವೃಕ್ಷವನ್ನು ಓದಬೇಕಾಗಿ ಬರುವುದು ತಮಾಷೆಯಲ್ಲ.

ದರ್ಗಾದ ಕಥೆ ಇನ್ನೂ ಹಳೆಯದು. 1562ರ ಹೊತ್ತಿಗೆ ಇಬ್ರಾಹಿಂ ಕುತುಬ್ ಶಾ ಕಾಲದಲ್ಲಿ ಹುಸೇನ್ ಸಾಗರ ಕಟ್ಟಿಸಿದ ಹುಸೇನ್ ಶಾ ವಲಿ ಎಂಬ ಸೂಫಿ, ಕಲಬುರಗಿಯ ಬಂದೇ ನವಾಜರ ವಂಶದವರೆಂದು ಪ್ರತೀತಿ. ಅವರ ದರ್ಗಾ ಇರುವುದು ನಗರದ ಪಶ್ಚಿಮದಲ್ಲಿ, ಮಣಿಕೊಂಡದ ಬಳಿ. ಅದರ ಸುತ್ತಲಿನ 1,654 ಎಕರೆ ತನ್ನದೆಂದು ವಕ್ಫ್ ಮಂಡಳಿ. ಅದು ಜಹಗೀರು, ರದ್ದಾದಾಗ ತನಗೆ ಬಂತೆಂದು ಸರ್ಕಾರ. ಈ ಜಗಳ ಬಗೆಹರಿಯುವ ಮೊದಲೇ ಸರ್ಕಾರ ಆ ನೆಲವನ್ನು ಐಟಿ ಕಂಪನಿಗಳಿಗೆ, ವಿದ್ಯಾಸಂಸ್ಥೆಗಳಿಗೆ ಹಂಚಿತು, ಲ್ಯಾಂಕೋ ಹಿಲ್ಸ್ ಎಂಬ ಗೋಪುರಗಳ ಗುಂಪಿಗೆ ಹರಾಜು ಹಾಕಿತು. ಹೈಕೋರ್ಟು ವಕ್ಫ್ ಮಂಡಳಿಯ ಪರ ನಿಂತಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ನೆಲ ಸರ್ಕಾರದ್ದೆಂದಿತು. ಕಟ್ಟಡಗಳು ಅಷ್ಟರಲ್ಲಿ ಮುಗಿಲಿಗೆ ಮುಟ್ಟಿದ್ದವು. ತೀರ್ಪು ಬೇರೆ ಥರ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದೂ ಕಷ್ಟ. ಕಟ್ಟಿ ಮುಗಿದದ್ದರ ಮೇಲೆ ನ್ಯಾಯ ಹೇಳುವುದು ಯಾವ ಕೋರ್ಟಿಗೂ ಸುಲಭವಲ್ಲ.

ಲಾಯದ ಹುಲ್ಲುಗಾವಲಿಗೆ ಮರಳಿದರೆ, ಅದರ ಹೊಸ ಬದುಕು ಶುರುವಾದದ್ದು ಒಂದು ಚಳವಳಿಯಿಂದ. 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. 1972ರಲ್ಲಿ ಅದಕ್ಕೆ ಉತ್ತರವೆಂಬಂತೆ ಕರಾವಳಿಯಲ್ಲಿ ಜೈ ಆಂಧ್ರ ಚಳವಳಿ ಎದ್ದಿತು. ಕೆಲಸ ಯಾರಿಗೆ, ಕಾಲೇಜು ಸೀಟು ಯಾರಿಗೆ ಎಂಬುದೇ ಎರಡರ ಒಳಗಿನ ಕಿಚ್ಚು. 1973ರ ಆರು ಅಂಶಗಳ ಸೂತ್ರದಲ್ಲಿ ಇಂದಿರಾ ಗಾಂಧಿ ಸರ್ಕಾರ ಹೈದರಾಬಾದಿಗೆ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಕೊಡುವುದಾಗಿ ಒಪ್ಪಿತು. ಅದಕ್ಕೆಂದೇ ಸಂವಿಧಾನಕ್ಕೆ 371ಇ ವಿಧಿ ಸೇರಿತು. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಸರೋಜಿನಿ ನಾಯ್ಡು ಅವರ ‘ಗೋಲ್ಡನ್ ಥ್ರೆಶೋಲ್ಡ್’ ಮನೆಯಲ್ಲಿ ಬಾಗಿಲು ತೆರೆಯಿತು. ಮರುವರ್ಷ ರಾಜ್ಯ ಸರ್ಕಾರ ಗಚ್ಚಿಬೌಲಿಯಲ್ಲಿ ಸುಮಾರು 2,300 ಎಕರೆ ತೋರಿಸಿತು. ಧಾರಾಳವಾಗಿಯೇ ಕೊಟ್ಟಿತು, ಆ ಬಂಡೆಗಾಡು ಆಗ ಯಾರಿಗೂ ಬೇಕಿರಲಿಲ್ಲ. ಆದರೆ ನೆಲ ಒಪ್ಪಿಸಿದರೇ ಹೊರತು ಅದರ ಹಕ್ಕನ್ನು ವಿಶ್ವವಿದ್ಯಾಲಯದ ಹೆಸರಿಗೆ ಬರೆದುಕೊಡಲಿಲ್ಲ. ದಾಖಲೆಯಲ್ಲಿ ಅದು ಸರ್ಕಾರಿಯಾಗಿಯೇ ಉಳಿಯಿತು. ರಾಜಕೀಯ ಒಪ್ಪಂದದ ಭಾಗವಾಗಿ ಕೊಟ್ಟ ಜಾಗಕ್ಕೆ ಪಹಣಿ ತಿದ್ದಿಸುವುದು ಯಾರಿಗೂ ತುರ್ತಾಗಿ ಕಾಣಲಿಲ್ಲ. ಐವತ್ತು ವರ್ಷದ ನಂತರದ ರಂಪಾಟದ ಬೀಜ ಇಲ್ಲೇ ಬಿತ್ತು.

ಆ ವಿಶ್ವವಿದ್ಯಾಲಯ ಇನ್ನೂ ಕಟ್ಟಡ ಏಳಿಸಿಕೊಳ್ಳುತ್ತಿದ್ದ 1976ರಲ್ಲೇ ದೇಶದಲ್ಲಿ ‘ಖಾಲಿ ಜಮೀನು’ ಎಂಬುದು ಕಾನೂನಿನ ಪರಿಭಾಷೆಯಾಯಿತು. ನಗರ ಭೂ ಮಿತಿ ಕಾಯಿದೆ ಹೈದರಾಬಾದನ್ನು ಬೆಂಗಳೂರಿನ ಜೊತೆ ಒಂದೇ ದರ್ಜೆಯಲ್ಲಿಟ್ಟು, ಒಬ್ಬರು 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇಟ್ಟುಕೊಳ್ಳುವಂತಿಲ್ಲ ಎಂದಿತು. ಹೆಚ್ಚುವರಿಯನ್ನು ಸರ್ಕಾರ ತೆಗೆದುಕೊಂಡು ಬಡವರಿಗೆ ಮನೆ ಕಟ್ಟುವುದು ಉದ್ದೇಶ. ನಡೆದದ್ದು ಬೇರೆ. ಜನ ಹೆಚ್ಚುವರಿ ಘೋಷಿಸಿಕೊಂಡರು, ವಿನಾಯಿತಿಗೆ ಅರ್ಜಿ ಹಾಕಿದರು, ಕೋರ್ಟಿಗೆ ಹೋದರು, ಅಥವಾ ಕಾನೂನಿನ ಕಣ್ಣಿಗೆ ಬೀಳದಂತೆ ಬಿಳಿ ಕಾಗದದ ಮೇಲೆ ಮಾರಿ ಕೈತೊಳೆದುಕೊಂಡರು. 1999ರಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು, ಆಂಧ್ರಪ್ರದೇಶ ಆ ರದ್ದತಿಯನ್ನು ಒಪ್ಪಿಕೊಂಡದ್ದು 2008ರಲ್ಲಿ. ಮೂವತ್ತೆರಡು ವರ್ಷ ನಗರದೊಳಗಿನ ಎಷ್ಟೋ ತುಂಡುಗಳು ಸರ್ಕಾರದ್ದೂ ಅಲ್ಲ, ಒಡೆಯನದ್ದೂ ಅಲ್ಲ ಎಂಬಂತೆ ಬಿದ್ದಿದ್ದವು. ನೆಲಗಳ್ಳತನ ಎಷ್ಟು ಬೆಳೆದಿತ್ತೆಂದರೆ ಆಂಧ್ರಪ್ರದೇಶ 1982ರಲ್ಲೇ ಭೂಕಬಳಿಕೆ ನಿಷೇಧ ಕಾಯಿದೆ ತಂದು ಅದಕ್ಕೊಂದು ವಿಶೇಷ ನ್ಯಾಯಾಲಯ ಸ್ಥಾಪಿಸಬೇಕಾಯಿತು. ಕರ್ನಾಟಕ ಅಂಥದ್ದೇ ಕಾಯಿದೆ ಮಾಡಿದ್ದು ಮೂರು ದಶಕದ ನಂತರ, ಬೆಂಗಳೂರಿನ ಸುತ್ತಲ ಒತ್ತುವರಿಗಳ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ ವರದಿ ಕೊಟ್ಟ ಮೇಲೆ.

ನಗರದ ಸುತ್ತ ನೆಲ ಕಟ್ಟಡವಿಲ್ಲದೆ ಉಳಿದದ್ದಕ್ಕೆಲ್ಲ ಜಗಳವೇ ಕಾರಣ ಎನ್ನುವಂತೆಯೂ ಇಲ್ಲ. ಬೇಕೆಂದೇ ಬಯಲಾಗಿ ಬಿಟ್ಟದ್ದೂ ಇದೆ, ಅದರ ಹಿಂದೆ ಕನ್ನಡಿಗರಿಗೆ ಪರಿಚಿತ ಹೆಸರೊಂದಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದಾಗ ನಿಜಾಮ್ ಸರ್ಕಾರ ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ನೆರೆ ತಡೆಯುವ ಜಲಾಶಯ ಕಟ್ಟಿ ಎಂದರು ಅವರು. ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1920ರ ದಶಕದಲ್ಲಿ ಎದ್ದು ನಿಂತವು. ನಗರಕ್ಕೆ ಕುಡಿಯುವ ನೀರೂ ಅಲ್ಲಿಂದಲೇ ಬಂತು. ಆ ಕೆರೆಗಳಿಗೆ ಹರಿದು ಬರುವ ನೆಲದಲ್ಲಿ ಕಾರ್ಖಾನೆ, ಬಹುಮಹಡಿ ಕಟ್ಟಡ ಬೇಡವೆಂದು 1996ರಲ್ಲಿ ಸರ್ಕಾರ 111ನೇ ಆದೇಶ ಹೊರಡಿಸಿತು. 84 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. ಆ ಊರುಗಳ ರೈತರಿಗೆ ಅದರ ಮೇಲೆ ಸಿಟ್ಟಿತ್ತು. ಪಕ್ಕದ ಊರಿನವನು ಕೋಟ್ಯಧಿಪತಿಯಾಗುವಾಗ ತಾನೊಬ್ಬ ನಗರಕ್ಕೆ ನೀರು ಕಾಯಬೇಕೇ ಎಂಬ ಆ ಸಿಟ್ಟನ್ನು ಅನ್ಯಾಯ ಎನ್ನಲಾಗದು. ದೊಡ್ಡವರು ಅದೇ ನೆಲದಲ್ಲಿ ತೋಟದ ಮನೆ ಕಟ್ಟಿಕೊಂಡದ್ದೂ ನಿಜ. 2023ರಲ್ಲಿ ಸಚಿವ ಸಂಪುಟ ಆ ಆದೇಶವನ್ನು ಕೈಬಿಡುವುದಾಗಿ ಹೇಳಿತು. ವಿಶ್ವೇಶ್ವರಯ್ಯ ನೀರಿಗೆಂದು ಬಿಡಿಸಿದ ಜಾಗವೂ ಸಂಪುಟದ ಮಾತಿನಲ್ಲಿ ಅಭಿವೃದ್ಧಿಗೆ ಕಾದಿರುವ ನೆಲವಾಯಿತು.

1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಅಲ್ಲಿಂದ ಪಶ್ಚಿಮದ ಬಂಡೆಗಾಡಿಗೆ ಬೆಲೆ ಬಂತು. ವಿಶ್ವವಿದ್ಯಾಲಯದ 2,300 ಎಕರೆ ಆ ಕಡೆಯ ಅತಿ ದೊಡ್ಡ ‘ಖಾಲಿ’ ಜಾಗ. ಅದರಿಂದ ಒಂದೊಂದೇ ತುಂಡು ಹೊರಟವು. ಐಐಐಟಿಗೆ ಒಂದಿಷ್ಟು, ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣಕ್ಕೆ ಒಂದಿಷ್ಟು, ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಇನ್ನೂರು ಎಕರೆಯ ಆಸುಪಾಸು. ಒಂದೊಂದೂ ಒಳ್ಳೆಯ ಉದ್ದೇಶವೇ. ಆದರೆ ಹೈದರಾಬಾದಿನ ಉಳಿದ ಅಂಚುಗಳಲ್ಲಿ ಇದೇ ಹೊತ್ತಿಗೆ ನಡೆದದ್ದನ್ನು ನೋಡಿದರೆ ವಿಶ್ವವಿದ್ಯಾಲಯದ ಪಾಡೇ ವಾಸಿ. ಭೂಮಿಯಿಲ್ಲದ ದಲಿತರಿಗೆ, ಹಿಂದುಳಿದವರಿಗೆ ಸರ್ಕಾರ ಹಿಂದೆ ಕೊಟ್ಟಿದ್ದ ‘ಅಸೈನ್ಡ್’ ಜಮೀನು ಅಲ್ಲೆಲ್ಲ ಚೆದುರಿತ್ತು. 1977ರ ಕಾಯಿದೆಯ ಪ್ರಕಾರ ಅದನ್ನು ಮಾರುವಂತಿಲ್ಲ. ಬಡವನ ಕೈಯಿಂದ ನೆಲ ಜಾರದಿರಲಿ ಎಂಬ ಕಾಳಜಿಯ ಕಾನೂನು. ಸರ್ಕಾರಕ್ಕೇ ಆ ನೆಲ ಬೇಕಾದಾಗ ಮಾತ್ರ ‘ಕೊಟ್ಟದ್ದು ನಾವೇ, ವಾಪಸ್ ಪಡೆಯುತ್ತೇವೆ’ ಎಂಬ ವಾದ. ಪಟ್ಟಾ ರೈತನಿಗೆ ಸಿಗುವ ಪರಿಹಾರ ಇವರಿಗಿಲ್ಲ. 2004ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ವಿಸ್ತೃತ ಪೀಠ ಇದನ್ನು ಒಪ್ಪಲಿಲ್ಲ; ಅಸೈನ್ಡ್ ನೆಲದವರಿಗೂ ಪಟ್ಟಾದಾರರಷ್ಟೇ ಪರಿಹಾರ ಕೊಡಬೇಕೆಂದಿತು. ಆ ಪ್ರಕರಣ ಬಂದದ್ದು ನಗರದ ಪಶ್ಚಿಮಕ್ಕಿರುವ ಚೇವೆಳ್ಳ ವಿಭಾಗದಿಂದ. ತೀರ್ಪು ಬರುವಷ್ಟರಲ್ಲಿ ಎಷ್ಟೋ ಕುಟುಂಬಗಳು ನೆಲ ಕಳೆದುಕೊಂಡಾಗಿತ್ತು.

400 ಎಕರೆಯ ಕಥೆ ತಿರುವು ಪಡೆದದ್ದು 2003ರ ಆಗಸ್ಟಿನಲ್ಲಿ. ಚಂದ್ರಬಾಬು ನಾಯ್ಡು ಸರ್ಕಾರ ಕ್ರೀಡಾ ಅಕಾಡೆಮಿಗಳನ್ನು ಕಟ್ಟುವುದಾಗಿ ಹೇಳಿದ ಐಎಂಜಿ ಅಕಾಡೆಮೀಸ್ ಭಾರತ ಎಂಬ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಂಪನಿ ನೋಂದಣಿಯಾದದ್ದೂ ಅದೇ ತಿಂಗಳು. ಗಚ್ಚಿಬೌಲಿಯ 400 ಎಕರೆ, ವಿಮಾನ ನಿಲ್ದಾಣದ ಕಡೆಯ ಮಾಮಿಡಿಪಲ್ಲಿಯಲ್ಲಿ 450 ಎಕರೆ. ವಿಶ್ವವಿದ್ಯಾಲಯಕ್ಕೆ ಬದಲಿಯಾಗಿ ಗೋಪನಪಲ್ಲಿಯಲ್ಲಿ 397 ಎಕರೆ. 2004ರಲ್ಲಿ ಸರ್ಕಾರ ಬದಲಾಯಿತು. 2006ರ ನವೆಂಬರಿನಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಕೊಡುಗೆಯನ್ನು ರದ್ದು ಮಾಡಿತು, ಕಂಪನಿ ಕೋರ್ಟಿಗೆ ಹೋಯಿತು. ಅಷ್ಟೇ. ಮುಂದೆ ಹದಿನೇಳು ವರ್ಷ ಏನೂ ಆಗಲಿಲ್ಲ. 2014ರಲ್ಲಿ ರಾಜ್ಯವೇ ಎರಡಾಯಿತು, ಮುಖ್ಯಮಂತ್ರಿಗಳು ಬದಲಾದರು, ಸುತ್ತಲೂ ಗಾಜಿನ ಕಟ್ಟಡಗಳು ಎದ್ದವು. 400 ಎಕರೆ ಮಾತ್ರ ಫೈಲಿನೊಳಗೆ ನಿದ್ದೆ ಮಾಡಿತು.

ಫೈಲು ನಿದ್ದೆ ಮಾಡುತ್ತಿದ್ದಾಗ ನೆಲ ಎಚ್ಚರವಾಗಿತ್ತು. ದಖ್ಖನ್ನಿನ ಹಳೆಯ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಕುರುಚಲು ಬೆಳೆಯಿತು, ಯಾರೋ ನೆಟ್ಟ ಸುಬಾಬುಲ್ ತಾನಾಗಿ ಹಬ್ಬಿತು, ದೇಸಿ ಮರಗಳೂ ತಲೆಯೆತ್ತಿದವು. ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆ ಅಲ್ಲಿ ನೆಲೆ ಕಂಡುಕೊಂಡವು. ವಿಶ್ವವಿದ್ಯಾಲಯದ ಆವರಣದಲ್ಲಿ ಸಿಕ್ಕ ಒಂದು ಜೇಡವನ್ನು 2010ರಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಿಸಿ ಊರಿನ ಹೆಸರನ್ನೇ ಸೇರಿಸಿ ‘ಮುರ್ರಿಷಿಯಾ ಹೈದರಾಬಾದೆನ್ಸಿಸ್’ ಎಂದು ಕರೆದರು. ವಿದ್ಯಾರ್ಥಿಗಳು ಅಲ್ಲಿನ ಅಣಬೆಯಾಕಾರದ ಬಂಡೆಗೆ ಮಶ್ರೂಮ್ ರಾಕ್ ಎಂದರು, ಕೆರೆಗಳಿಗೆ ನವಿಲು ಕೆರೆ, ಎಮ್ಮೆ ಕೆರೆ ಎಂದರು. ಕಂದಾಯ ಇಲಾಖೆ ಕೊಡದ ಹೆಸರುಗಳನ್ನು ನಡೆದಾಡಿದವರು ಕೊಟ್ಟರು.

ಈ ಹಸಿರನ್ನು ಯಾವ ಅರಣ್ಯ ಇಲಾಖೆಯೂ ಬೆಳೆಸಲಿಲ್ಲ, ಯಾವ ಪರಿಸರ ನೀತಿಯೂ ಕಾಪಾಡಲಿಲ್ಲ. ಅದನ್ನು ಕಾದದ್ದು ವಾಯಿದೆ. ಒಂದು ರಾಜಿಯ ಹಕ್ಕುಪತ್ರ ಆಗದೇ ಉಳಿದದ್ದರಿಂದ, ಒಂದು ಅನುಮಾನದ ಒಪ್ಪಂದ ರದ್ದಾದದ್ದರಿಂದ, ಒಂದು ಮೊಕದ್ದಮೆ ಇತ್ಯರ್ಥವಾಗದ್ದರಿಂದ ಕಾಡಿನಂಥದ್ದೊಂದು ಬೆಳೆಯಿತು. ಹೈದರಾಬಾದಿನಲ್ಲಿ ಬಯಲು ಉಳಿದ ಬಹುಪಾಲು ಕಡೆ ಕಥೆ ಹೀಗೆಯೇ. ಕಾಗದ ಜಗಳವಾಡುವವರೆಗೆ ನೆಲಕ್ಕೆ ನೆಮ್ಮದಿ. ಸರ್ಕಾರ ಕೂಡ ಮುಂದೆ ಸುಪ್ರೀಂ ಕೋರ್ಟಿನಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತು: ವ್ಯಾಜ್ಯದಿಂದಾಗಿ ಜಾಗ ಬಳಕೆಯಾಗದೆ ಬಿದ್ದಿತ್ತು, ಹಾಗಾಗಿ ಗಿಡಮರ ಬೆಳೆದಿದೆ, ಇದು ಅರಣ್ಯವಲ್ಲ ಎಂದು. ಮೊದಲ ಎರಡು ಮಾತು ನಿಜ. ಮೂರನೆಯದು ಅವೆರಡರಿಂದ ತಾನಾಗಿ ಹುಟ್ಟುವುದಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾಖಲೆಯಲ್ಲಿ ಏನೇ ಬರೆದಿರಲಿ, ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಎಂದಿತ್ತು. ಪಹಣಿಯ ಪದಕ್ಕಿಂತ ಕಣ್ಣಿಗೆ ಕಾಣುವುದು ದೊಡ್ಡದೆಂದು ಈ ದೇಶದ ಕೋರ್ಟೊಂದು ಒಪ್ಪಿದ ಅಪರೂಪದ ಸಂದರ್ಭ ಅದು.

2024ರ ಮಾರ್ಚಿನಲ್ಲಿ ತೆಲಂಗಾಣ ಹೈಕೋರ್ಟು ಸರ್ಕಾರದ ಪರ ತೀರ್ಪಿತ್ತಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಮೇಲ್ಮನವಿ ತಳ್ಳಿಹಾಕಿತು. ಕೊಡುಗೆ ಅಕ್ರಮವಾಗಿದ್ದರೆ ಈ ತೀರ್ಪು ಗೆಲುವೇ. ಆದರೆ ಜಗಳ ಮುಗಿದ ಕೂಡಲೇ ಜಾಗಕ್ಕಿದ್ದ ರಕ್ಷಣೆಯೂ ಮುಗಿಯಿತು. ನೆಲ ರಾಜ್ಯದ ಕೈಗಾರಿಕಾ ಮೂಲಸೌಕರ್ಯ ನಿಗಮದ ಕೈಗೆ ಬಂತು. ನಿಗಮ ಬಾಂಡುಗಳ ಮೂಲಕ ಸುಮಾರು ₹10,000 ಕೋಟಿ ಎತ್ತಿತು. 2025ರ ಮಾರ್ಚ್ 30, ಯುಗಾದಿ. ಮರುದಿನ ರಂಜಾನ್. ರಜೆಯ ಸಾಲಿನಲ್ಲಿ ಜೆಸಿಬಿಗಳ ಸಾಲು ಬಂತು. ತಡೆಯಲು ಹೋದ ವಿದ್ಯಾರ್ಥಿಗಳನ್ನು ಪೊಲೀಸರು ಎಳೆದೊಯ್ದರು. ಗಡಿಯನ್ನು ಜಂಟಿಯಾಗಿ ಗುರುತಿಸಿದ್ದೇವೆ ಎಂದಿತು ನಿಗಮ. ಅಂಥ ಸರ್ವೆ ನಡೆದೇ ಇಲ್ಲ ಎಂದಿತು ವಿಶ್ವವಿದ್ಯಾಲಯ. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಾನೇ ಪ್ರಕರಣ ಕೈಗೆತ್ತಿಕೊಂಡು ಕೆಲಸ ನಿಲ್ಲಿಸಿದಾಗ ಸುಮಾರು 100 ಎಕರೆ ಬೋಳಾಗಿತ್ತು. ಕಾಡಿನಂಥ ಪ್ರದೇಶಗಳನ್ನು ಗುರುತಿಸಲು ಸಮಿತಿ ಮಾಡಿ ಎಂದು ಅದೇ ಕೋರ್ಟು ಮಾರ್ಚ್ ಮೊದಲ ವಾರ ಹೇಳಿತ್ತು. ತೆಲಂಗಾಣ ಸಮಿತಿಯನ್ನೂ ಮಾಡಿತ್ತು. ಸಮಿತಿ ಕೆಲಸ ಶುರು ಮಾಡುವ ಮೊದಲೇ ಮರ ಉರುಳಿಸುವ ಆತುರ ಏನಿತ್ತೆಂದು ನ್ಯಾಯಮೂರ್ತಿಗಳು ಕೇಳಿದರು. ಕಡಿದದ್ದನ್ನು ಮತ್ತೆ ಬೆಳೆಸಿ, ಇಲ್ಲವಾದರೆ ಅಧಿಕಾರಿಗಳು ಜೈಲಿಗೆ ಹೋಗಬೇಕಾದೀತು ಎಂದೂ ಎಚ್ಚರಿಸಿದರು.

ಸರ್ಕಾರಗಳ ಆತುರಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2023ರ ಆಗಸ್ಟಿನಲ್ಲಿ ಹತ್ತಿರದ ಕೋಕಾಪೇಟೆಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ 45 ಎಕರೆ ಹರಾಜು ಹಾಕಿ ₹3,300 ಕೋಟಿಗೂ ಮಿಕ್ಕಿ ಗಳಿಸಿತು. ಒಂದು ನಿವೇಶನ ಎಕರೆಗೆ ₹100.75 ಕೋಟಿಗೆ ಹೋಯಿತು. ಆಗ ಇದ್ದದ್ದು ಒಂದು ಪಕ್ಷದ ಸರ್ಕಾರ, ಗಚ್ಚಿಬೌಲಿಗೆ ಜೆಸಿಬಿ ಕಳಿಸಿದ್ದು ಅದನ್ನು ಸೋಲಿಸಿ ಬಂದ ಇನ್ನೊಂದು ಪಕ್ಷ. ವಿರೋಧದಲ್ಲಿದ್ದಾಗ ನೆಲ ಮಾರಬೇಡಿ ಎಂದವರು ಅಧಿಕಾರಕ್ಕೆ ಬಂದಾಗ ಮಾರುವುದು, ಮಾರಿದವರು ವಿರೋಧಕ್ಕೆ ಹೋದಾಗ ಕಾಡಿಗಾಗಿ ಅಳುವುದು, ಎರಡೂ ಅಲ್ಲಿ ರೂಢಿಯಾಗಿಬಿಟ್ಟಿದೆ. ಸಂಬಳ, ಸಾಲಮನ್ನಾ, ಪಿಂಚಣಿ ಎಲ್ಲಕ್ಕೂ ಹಣ ಬೇಕು. ಕಾರ್ಖಾನೆಯಿಂದ ತೆರಿಗೆ ಬರಲು ವರ್ಷಗಳು ಬೇಕು. ಹರಾಜಿಗೆ ಒಂದು ಮಧ್ಯಾಹ್ನ ಸಾಕು.

ಕರ್ನಾಟಕದ ಓದುಗರಿಗೆ ಇದು ಪಕ್ಕದ ಮನೆಯ ಗಲಾಟೆಯಂತೆ ಕಾಣಬಹುದು. ಲಾಯದ ಕುದುರೆಗೆ ಹೈದರಾಬಾದಿನಲ್ಲಿ ಕಂಚ ಇದ್ದಂತೆ ದಂಡಿನ ಎತ್ತುಗಳಿಗೆ ಮೈಸೂರಿನಲ್ಲಿ ಅಮೃತಮಹಲ್ ಕಾವಲುಗಳಿದ್ದವು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ತುಮಕೂರು, ಹಾಸನ, ಚಿತ್ರದುರ್ಗದ ಉದ್ದಕ್ಕೂ ಹುಲ್ಲುಗಾವಲುಗಳು ಹಬ್ಬಿದ್ದವು. ದಂಡು ಹೋಯಿತು, ಕಾವಲು ಉಳಿಯಿತು. ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿಗಳ ಕಾವಲಿನ ಸಾವಿರಾರು ಎಕರೆಯನ್ನು 2000ದ ದಶಕದ ಕೊನೆಯಲ್ಲಿ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಕಾವಲಿನಲ್ಲಿ ಕುರಿ ಮೇಯಿಸಿ, ಅದರ ಉಣ್ಣೆಯಿಂದ ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗಳಿಗೆ ಅದು ಗೊತ್ತಾದದ್ದು ಗೋಡೆ ಏಳತೊಡಗಿದಾಗ. ಬೆಂಗಳೂರಿನ ಜಾರಕಬಂಡೆ ಕಾವಲಿನ ಹೆಸರಿನಲ್ಲೂ ಒಂದು ಹುಲ್ಲುಗಾವಲಿದೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಫಿಲ್ಮ್ ಸಿಟಿ ಕಟ್ಟುವ ಮಾತು ಕೆಲವು ವರ್ಷ ನಡೆಯಿತು. ಹಕ್ಕಿ ನೋಡುವವರು, ಪರಿಸರದವರು ಬಿಡದೆ ಬೆನ್ನುಹತ್ತಿದ್ದರಿಂದ 2024ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ 5,000 ಎಕರೆಗೂ ಹೆಚ್ಚು ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಹುಲ್ಲನ್ನು ಹುಲ್ಲಾಗಿಯೇ ಉಳಿಸಲು ಒಂದು ಸರ್ಕಾರ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ಕಂಚ ಗಚ್ಚಿಬೌಲಿಗೆ ಅಂಥ ಸಹಿ ಇನ್ನೂ ಬಿದ್ದಿಲ್ಲ.

2025ರ ಆಗಸ್ಟಿನಲ್ಲಿ ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಮರಗಳನ್ನು ಮರಳಿ ಬೆಳೆಸುವ ಸರಿಯಾದ ಯೋಜನೆಯೊಂದಿಗೆ ಬನ್ನಿ ಎಂದು ನ್ಯಾಯಪೀಠ ಸರ್ಕಾರಕ್ಕೆ ಕಾಲಾವಕಾಶ ಕೊಟ್ಟಿತು. ಅಕ್ಟೋಬರಿನಲ್ಲಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ರಾಯದುರ್ಗಂನಲ್ಲಿ ಅದೇ ಕೈಗಾರಿಕಾ ನಿಗಮ ಏಳೂವರೆ ಎಕರೆಗಿಂತ ತುಸು ಹೆಚ್ಚಿನ ಒಂದು ನಿವೇಶನವನ್ನು ಹರಾಜಿಗಿಟ್ಟಿತು. ಎಕರೆಗೆ ₹177 ಕೋಟಿಗೆ ಕೂಗು ನಿಂತಿತು.